ಒಂದೇ ಸರ್ವರಿನಲ್ಲಿ ಇಪ್ಪತ್ತು ಸಂಸಾರ

ದೊಡ್ಡ ಸಂಸ್ಥೆಯೊಂದು ಹೊಸ ಸರ್ವರ್ ಕೊಳ್ಳಲು ಕೂತಾಗ ಈ ಪ್ರಶ್ನೆ ಎದುರಾಗದೆ ಇರುವುದಿಲ್ಲ: ಈ ಕೆಲಸಕ್ಕೆ ಇಡೀ ಯಂತ್ರವನ್ನೇ ಬಿಟ್ಟುಕೊಡೋಣವೇ, ಇಲ್ಲ ದೊಡ್ಡದೊಂದು ಯಂತ್ರ ತಂದು ಅದರೊಳಗೆ ಹಲವು ವರ್ಚುವಲ್ ಮಶೀನ್‌ಗಳನ್ನು (ವಿಎಂ) ಕಟ್ಟಿ ಹಂಚೋಣವೇ? ಈ ಹಂಚುವ ವಿದ್ಯೆಯೇ ವರ್ಚುವಲೈಸೇಶನ್. ಹಳೆಯ ಬೆಂಗಳೂರು, ಮೈಸೂರುಗಳ ವಠಾರ ಕಂಡವರಿಗೆ ಇದು ಬೇಗ ಹೊಳೆಯುತ್ತದೆ. ಸೂರು ಒಂದೇ, ನಲ್ಲಿ ಒಂದೇ, ಸಂಸಾರ ಹತ್ತು. ಪ್ರತಿ ಮನೆಗೂ ತನ್ನದೇ ಬಾಗಿಲು, ತನ್ನದೇ ಬೀಗ. ಬಾಡಿಗೆಯೂ ಕಡಿಮೆ. ಆದರೆ ನಲ್ಲಿ ಕೆಟ್ಟ ದಿನ ಹತ್ತು ಮನೆಗೂ ನೀರಿಲ್ಲ. ಸರ್ವರ್ ಕೋಣೆಯಲ್ಲಿ ವರ್ಷಗಟ್ಟಲೆ ರಾತ್ರಿಪಾಳಿ ಮಾಡಿದ ನನಗೆ ಬಾಡಿಗೆಗಿಂತ ಆ ನಲ್ಲಿಯದೇ ಹೆಚ್ಚಿನ ಯೋಚನೆ.

◆ ವರ್ಚುವಲೈಸೇಶನ್ ಕ್ಲೌಡ್ ಕಾಲದ ಕೂಸಲ್ಲ, ಗೊತ್ತೇ? ಅಮೆರಿಕದ ಮೆಸಾಚುಸೆಟ್ಸ್ ರಾಜ್ಯದ ಕೇಂಬ್ರಿಡ್ಜ್‌ನಲ್ಲಿ ಐಬಿಎಂನವರು ಸಿಪಿ-40 ಎಂಬ ವ್ಯವಸ್ಥೆಯನ್ನು 1967ರ ಜನವರಿಯಲ್ಲೇ ದಿನಬಳಕೆಗೆ ತಂದಿದ್ದರು. ಒಂದೇ ಸಿಸ್ಟಂ/360 ಯಂತ್ರದೊಳಗೆ 14 ವರ್ಚುವಲ್ ಯಂತ್ರಗಳವರೆಗೆ ನಡೆಸಬಹುದಿತ್ತು. ಒಂದೊಂದರ ಪಾಲಿಗೆ 256 ಕಿಲೋಬೈಟ್ ಮೆಮೊರಿ. ಇಂದಿನ ಮೊಬೈಲಿನ ಒಂದು ಫೋಟೋಕ್ಕೂ ಸಾಲದಷ್ಟು ಜಾಗದಲ್ಲಿ ಒಬ್ಬೊಬ್ಬ ಬಳಕೆದಾರನಿಗೂ ‘ಯಂತ್ರವೆಲ್ಲ ನನ್ನದೇ’ ಎನ್ನಿಸುವಂತೆ ಮಾಡಿದ್ದರು. 1972ರ ಆಗಸ್ಟ್ 2ರಂದು ಐಬಿಎಂ ವಿಎಂ/370 ಅನ್ನು ಪ್ರಕಟಿಸಿತು. ಅದರದೇ ವಂಶದ ಝಡ್/ವಿಎಂ ಇಂದಿಗೂ ಮೇನ್‌ಫ್ರೇಮ್‌ಗಳಲ್ಲಿ ದುಡಿಯುತ್ತಿದೆ.

◆ ‘ಹೈಪರ್‌ವೈಸರ್’ ಎಂಬ ಹೆಸರು ಹೇಗೆ ಬಂತು? ಆ ಕಾಲದಲ್ಲಿ ಆಪರೇಟಿಂಗ್ ಸಿಸ್ಟಂನ ತಿರುಳಿಗೆ ‘ಸೂಪರ್‌ವೈಸರ್’ ಎನ್ನುತ್ತಿದ್ದರು. ಹಲವು ಸೂಪರ್‌ವೈಸರ್‌ಗಳನ್ನು ಹತೋಟಿಯಲ್ಲಿಡುವ ಇನ್ನೊಂದು ಪದರ ಬಂದಾಗ ಅದಕ್ಕೆ ಇನ್ನೂ ದೊಡ್ಡ ಹೆಸರೇ ಬೇಕಾಯಿತು. ಮೇಸ್ತ್ರಿಗಳ ಮೇಲೊಬ್ಬ ಮೇಸ್ತ್ರಿ.

◆ ಮೇನ್‌ಫ್ರೇಮ್‌ನಲ್ಲಿ ಅಷ್ಟು ಹಿಂದೆಯೇ ಆದದ್ದು ನಮ್ಮ ಮಾಮೂಲಿ ಸರ್ವರ್‌ಗಳಿಗೆ ಬರಲು ಮೂವತ್ತು ವರ್ಷಕ್ಕೂ ಹೆಚ್ಚು ಹಿಡಿಯಿತು. ಕಾರಣ ಪ್ರೊಸೆಸರಿನಲ್ಲೇ ಇತ್ತು. ಪೋಪೆಕ್ ಮತ್ತು ಗೋಲ್ಡ್‌ಬರ್ಗ್ ಎಂಬಿಬ್ಬರು 1974ರಲ್ಲೇ ಒಂದು ನಿಯಮ ಬರೆದಿಟ್ಟಿದ್ದರು. ಯಂತ್ರದ ಸ್ಥಿತಿಯನ್ನು ಮುಟ್ಟುವ ಯಾವ ಸೂಚನೆಯನ್ನೇ ಆಗಲಿ ಅಧಿಕಾರವಿಲ್ಲದ ಪ್ರೋಗ್ರಾಂ ಕೊಟ್ಟರೆ, ಪ್ರೊಸೆಸರ್ ಅಲ್ಲೇ ತಡೆದು ಮೇಲಿನವರಿಗೆ ತಿಳಿಸಬೇಕು. ಇಂಟೆಲ್ ಪೆಂಟಿಯಂನಲ್ಲಿ ಈ ನಿಯಮ ಮುರಿಯುವ 17 ಸೂಚನೆಗಳಿವೆ ಎಂದು 2000ದಲ್ಲಿ ಸಂಶೋಧಕರು ಲೆಕ್ಕ ಹಾಕಿ ತೋರಿಸಿದರು.

ಅವುಗಳಲ್ಲಿ ‘ಪಾಪ್‌ಎಫ್’ ಒಂದನ್ನು ನೋಡಿದರೆ ಸಾಕು. ಅಧಿಕಾರವಿಲ್ಲದವರು ಇದರ ಮೂಲಕ ಇಂಟರಪ್ಟ್ ಬಂದ್ ಮಾಡಲು ಹೋದರೆ ಪ್ರೊಸೆಸರ್ ಬೈಯುವುದೂ ಇಲ್ಲ, ತಡೆಯುವುದೂ ಇಲ್ಲ. ಸುಮ್ಮನೆ ಕೇಳಿಸದವರಂತೆ ಮುಂದೆ ಹೋಗುತ್ತದೆ. ಒಳಗಿನ ಆಪರೇಟಿಂಗ್ ಸಿಸ್ಟಂ ‘ಬಂದ್ ಆಯಿತು’ ಎಂದುಕೊಳ್ಳುತ್ತದೆ. ಆಗಿರುವುದಿಲ್ಲ. ಹೈಪರ್‌ವೈಸರಿಗೆ ಸುದ್ದಿಯೂ ತಲುಪಿರುವುದಿಲ್ಲ.

◆ 1998ರಲ್ಲಿ ಹುಟ್ಟಿದ ವಿಎಂವೇರ್ ಈ ಗಂಟನ್ನು ಬಿಡಿಸಿದ್ದು ತರ್ಜುಮೆಯಿಂದ. ಒಳಗಿನ ಆಪರೇಟಿಂಗ್ ಸಿಸ್ಟಂನ ಕೋಡನ್ನು ಓಡುವ ಹೊತ್ತಿನಲ್ಲೇ ಓದಿ, ಅಪಾಯದ ಸೂಚನೆಗಳನ್ನು ಮಾತ್ರ ಬದಲಿಸಿ ಮುಂದಕ್ಕೆ ಬಿಡುವ ಉಪಾಯ. ಅವರ ಸರ್ವರ್ ಉತ್ಪನ್ನ ಇಎಸ್‌ಎಕ್ಸ್ ಬಂದದ್ದು 2001ರಲ್ಲಿ. ಇಂಗ್ಲೆಂಡಿನ ಕೇಂಬ್ರಿಡ್ಜ್ ವಿಶ್ವವಿದ್ಯಾಲಯದವರ ಝೆನ್ 2003ರಲ್ಲಿ ಬೇರೆ ದಾರಿ ಹಿಡಿದು, ಒಳಗಿನ ಆಪರೇಟಿಂಗ್ ಸಿಸ್ಟಂ ಅನ್ನೇ ತಿದ್ದಿ ‘ನೀನು ವಠಾರದಲ್ಲಿದ್ದೀಯ’ ಎಂದು ಅದಕ್ಕೆ ತಿಳಿಸಿಬಿಟ್ಟಿತು. 2005ರ ಕೊನೆಯಲ್ಲಿ ಇಂಟೆಲ್, 2006ರಲ್ಲಿ ಎಎಂಡಿ ಪ್ರೊಸೆಸರಿನಲ್ಲೇ ಬೇಕಾದ ಏರ್ಪಾಟು ಮಾಡಿಕೊಟ್ಟವು. 2007ರ ಫೆಬ್ರವರಿಯಲ್ಲಿ ಕೆವಿಎಂ ಎಂಬ ಹೈಪರ್‌ವೈಸರ್ ಲಿನಕ್ಸ್ ಕರ್ನಲ್‌ನ 2.6.20 ಆವೃತ್ತಿಯೊಳಗೇ ಸೇರಿಕೊಂಡಿತು. ‘ವರ್ಚುವಲ್ ಮಾಡಿದರೆ ನಿಧಾನ’ ಎಂಬ ಹಳೆಯ ದೂರಿನ ಬಹುಪಾಲು ಈ ಹತ್ತು ವರ್ಷದಲ್ಲಿ ಕರಗಿಹೋಯಿತು. ಹಾಗಾಗಿ ಇಂದು ಪ್ರೊಡಕ್ಷನ್‌ನಲ್ಲಿ ಇದನ್ನು ಬಳಸಬೇಕೇ ಬೇಡವೇ ಎಂದು ಕೂತು ಚರ್ಚಿಸುವಾಗ ವೇಗದ ಮಾತು ಮೊದಲು ಬರಬೇಕಿಲ್ಲ.

◆ ಸುಮ್ಮನೆ ಕೂತ ಸರ್ವರ್ ಎಷ್ಟು ಕರೆಂಟು ತಿನ್ನುತ್ತದೆ? 2007ರಲ್ಲಿ ಗೂಗಲ್‌ನ ಬರೋಸೋ ಮತ್ತು ಹೊಲ್ಜ್‌ಲ ಬರೆದ ಹೆಸರಾಂತ ಲೇಖನದ ಪ್ರಕಾರ, ಅವರು ಗಮನಿಸಿದ ಸಾವಿರಾರು ಸರ್ವರ್‌ಗಳು ಹೆಚ್ಚಿನ ಹೊತ್ತು 10ರಿಂದ 50 ಪ್ರತಿಶತ ಕೆಲಸದಲ್ಲಿದ್ದವು. ಕೆಲಸವೇ ಇಲ್ಲದಾಗಲೂ ಸರ್ವರ್ ತನ್ನ ಗರಿಷ್ಠ ವಿದ್ಯುತ್ತಿನ ಹತ್ತಿರ ಹತ್ತಿರ ಅರ್ಧದಷ್ಟನ್ನು ಎಳೆಯುತ್ತಿತ್ತು. ಅರೆಹೊಟ್ಟೆಯ ಹತ್ತು ಯಂತ್ರಗಳ ಕೆಲಸವನ್ನು ಎರಡು ಮೂರಕ್ಕೆ ಒಟ್ಟುಗೂಡಿಸುವ ಆಸೆ ಹುಟ್ಟುವುದೇ ಇಲ್ಲಿಂದ. ಆಸೆ ನ್ಯಾಯವಾದದ್ದೇ. ಲೆಕ್ಕ ಮಾತ್ರ ಸರಾಸರಿಯ ಮೇಲೆ ಹಾಕಬಾರದು. ಸಂಬಳ, ಬಡ್ಡಿ, ಬಿಲ್ಲು, ವರದಿ, ನಾಲ್ಕೂ ತಿಂಗಳ ಕೊನೆಯ ದಿನವೇ ಏರುವ ಸಂಸ್ಥೆಯಲ್ಲಿ ಉಳಿದ 29 ದಿನದ ಸರಾಸರಿಗೆ ಬೆಲೆಯಿಲ್ಲ. ವಠಾರದವರೆಲ್ಲ ಬೆಳಗ್ಗೆ ಆರಕ್ಕೇ ನೀರು ಹಿಡಿಯುವವರಾದರೆ ನಲ್ಲಿ ಎಷ್ಟಿದ್ದರೂ ಸಾಲದು.

◆ ಇನ್ನೊಂದು ಚಿಕ್ಕ ಲೆಕ್ಕ. ಒಂದು ಹೋಸ್ಟ್ (ವಿಎಂಗಳನ್ನು ಹೊತ್ತ ಅಸಲಿ ಯಂತ್ರ) ಸತ್ತರೂ ಉಳಿದವು ಹೊರೆ ಹೊರಬೇಕು ಎಂದಿದ್ದರೆ, ಎರಡು ಹೋಸ್ಟ್‌ಗಳ ಕ್ಲಸ್ಟರ್ ಅನ್ನು 50 ಪ್ರತಿಶತಕ್ಕಿಂತ ಹೆಚ್ಚು ತುಂಬುವಂತಿಲ್ಲ. ನಾಲ್ಕಿದ್ದರೆ 75. ಎಂಟಿದ್ದರೆ 87.5. ಕ್ಲಸ್ಟರ್ ದೊಡ್ಡದಾದಷ್ಟೂ ಖಾಲಿ ಬಿಡಬೇಕಾದ ಪಾಲು ಚಿಕ್ಕದು. ದೊಡ್ಡ ಸಂಸ್ಥೆಗೆ ವರ್ಚುವಲೈಸೇಶನ್ ಹೆಚ್ಚು ಗಿಟ್ಟುವುದು, ಎರಡೇ ಸರ್ವರಿನ ಚಿಕ್ಕ ಕಚೇರಿಗೆ ಅಷ್ಟಾಗಿ ಗಿಟ್ಟದಿರುವುದು ಇದರಿಂದಲೇ.

◆ ‘ಹೈ ಅವೈಲಬಿಲಿಟಿ ಇದೆ, ಹೋಸ್ಟ್ ಹೋದರೂ ಏನೂ ಆಗುವುದಿಲ್ಲ’ ಎಂದು ಯಾರಾದರೂ ಹೇಳಿದರೆ ನಿಲ್ಲಿಸಿ ಕೇಳಿ. ಈ ಏರ್ಪಾಟು ಮಾಡುವುದು ಸತ್ತ ಹೋಸ್ಟಿನ ವಿಎಂಗಳನ್ನು ಬೇರೆ ಹೋಸ್ಟಿನಲ್ಲಿ ಮತ್ತೆ ಬೂಟ್ ಮಾಡುವುದನ್ನು, ಅಷ್ಟೇ. ಮೆಮೊರಿಯಲ್ಲಿದ್ದದ್ದು ಹೋಗುತ್ತದೆ, ಡೇಟಾಬೇಸ್ ತನ್ನ ಲಾಗ್ ಓದಿ ಚೇತರಿಸಿಕೊಳ್ಳಬೇಕು. ನಿಜವಾಗಿ ನಿಲ್ಲದೆ ನಡೆಯುವ ಜೋಡಿ ವಿಎಂ ಬೇರೆಯೇ ಸೌಲಭ್ಯ. ವಿಎಂವೇರ್ 2009ರಲ್ಲಿ ಅದನ್ನು ತಂದಾಗ ಒಂದೇ ವರ್ಚುವಲ್ ಸಿಪಿಯು ಇರುವ ವಿಎಂಗೆ ಮಾತ್ರ ಅದು ಸಿಗುತ್ತಿತ್ತು. ನಾಲ್ಕಕ್ಕೆ ಏರಿದ್ದು 2015ರಲ್ಲಿ.

◆ ಮತ್ತೆ ಬೂಟ್ ಆಗಲೂ ಜಾಗ ಬೇಕು ಎಂಬುದನ್ನು ನಾನು ಕಲಿತದ್ದು ಒಂದು ರಾತ್ರಿ ಎರಡು ಗಂಟೆಗೆ. ನಾನಾಗ ದುಡಿಯುತ್ತಿದ್ದ ಕಡೆ ನಾಲ್ಕು ಹೋಸ್ಟ್‌ಗಳ ಕ್ಲಸ್ಟರ್ ಇತ್ತು. ಶುರುವಿನಲ್ಲಿ 70 ಪ್ರತಿಶತ ತುಂಬಿತ್ತು. ಮೂರು ವರ್ಷದಲ್ಲಿ ‘ಇನ್ನೊಂದು ವಿಎಂ ತಾನೇ’ ಎನ್ನುತ್ತ ಎನ್ನುತ್ತ 90ರ ಹತ್ತಿರ ಬಂದಿತ್ತು. ಜಾಗ ಮೀರಿ ವಿಎಂ ಎಬ್ಬಿಸಬೇಡ ಎಂದು ತಡೆಯುವ ಸೆಟ್ಟಿಂಗನ್ನು ಯಾವುದೋ ತುರ್ತಿಗೆಂದು ತೆಗೆದವರು ಮತ್ತೆ ಹಾಕಿರಲಿಲ್ಲ.

ಆ ರಾತ್ರಿ ಮೂರನೇ ಹೋಸ್ಟಿನ ಮದರ್‌ಬೋರ್ಡ್ ಹೋಯಿತು. ಒಂದು ಕೈಕೊಟ್ಟರೆ ಇನ್ನೊಂದಿರಲಿ ಎಂದು ಲಾಗಿನ್, ಹೆಸರು ಹುಡುಕುವಿಕೆ ನೋಡಿಕೊಳ್ಳುವ ಎರಡು ಡೊಮೇನ್ ಕಂಟ್ರೋಲರ್ ಇಟ್ಟಿದ್ದೆವು. ಹೊರೆ ಸರಿದೂಗಿಸುವ ತಂತ್ರಾಂಶ ಯಾವಾಗಲೋ ಎರಡನ್ನೂ ಅದೇ ಮೂರನೇ ಹೋಸ್ಟಿಗೆ ತಂದು ಕೂರಿಸಿತ್ತು. ಇವೆರಡೂ ಒಟ್ಟಿಗೆ ಇರಕೂಡದು ಎಂಬ ನಿಯಮವನ್ನು ನಾವು ಬರೆದಿರಲಿಲ್ಲ. ಉಳಿದ ಮೂರು ಹೋಸ್ಟ್‌ಗಳಲ್ಲಿ ಮೆಮೊರಿ ಸಾಲದೆ ಎರಡೂ ಏಳಲಿಲ್ಲ. ಅವು ಏಳದೆ ಹೆಸರು ಹುಡುಕುವುದು ನಿಂತಿತು, ನಮ್ಮ ಖಾತೆಗಳಿಂದ ಲಾಗಿನ್ ನಿಂತಿತು, ಆಡಳಿತದ ಪರದೆಯೂ ತೆರೆಯಲಿಲ್ಲ. ಕೊನೆಗೆ ಬೀರುವಿನಲ್ಲಿ ಅರಗು ಒತ್ತಿಟ್ಟಿದ್ದ ಲಕೋಟೆ ಒಡೆದು ರೂಟ್ ಪಾಸ್‌ವರ್ಡ್ ತೆಗೆದೆವು. ತಳ್ಳುಗಾಡಿಯ ಮಾನಿಟರ್, ಕೀಬೋರ್ಡನ್ನು ರ್ಯಾಕಿನ ಮುಂದೆ ಎಳೆದು ತಂದು, ಒಂದೊಂದೇ ಹೋಸ್ಟಿಗೆ ನೇರ ಹೊಕ್ಕು, ಟೆಸ್ಟಿಂಗ್ ವಿಎಂಗಳನ್ನು ಆರಿಸಿ ಜಾಗ ಮಾಡಿದೆವು. ಮೊದಲ ಡೊಮೇನ್ ಕಂಟ್ರೋಲರ್ ಎದ್ದಾಗ ಐವತ್ತು ನಿಮಿಷ ಕಳೆದಿತ್ತು. ಆ ಮದರ್‌ಬೋರ್ಡಿನ ಮೇಲೆ ನನಗೆ ಇಂದಿಗೂ ಸಿಟ್ಟಿಲ್ಲ. ಯಂತ್ರ ಸಾಯುವುದು ಸಹಜ. ಅದರ ಜೊತೆಗೆ ಯಾವ್ಯಾವುದು ಸಾಯುತ್ತದೆ ಎಂದು ನಾವು ಬರೆದಿಟ್ಟಿರಲಿಲ್ಲ.

◆ ಓಡುತ್ತಿರುವ ವಿಎಂ ಅನ್ನು ನಿಲ್ಲಿಸದೆ ಒಂದು ಹೋಸ್ಟಿನಿಂದ ಇನ್ನೊಂದಕ್ಕೆ ಸಾಗಿಸಬಹುದು. 2003ರಿಂದ ಇದು ಮಾರುಕಟ್ಟೆಯಲ್ಲಿದೆ. ಮೊದಲು ಮೆಮೊರಿಯನ್ನೆಲ್ಲ ಆಚೆಗೆ ನಕಲು ಮಾಡುತ್ತಾರೆ. ಅಷ್ಟರಲ್ಲಿ ಬದಲಾದ ಪುಟಗಳನ್ನು ಇನ್ನೊಂದು ಸುತ್ತು, ಮತ್ತೆ ಬದಲಾದದ್ದನ್ನು ಮಗದೊಂದು ಸುತ್ತು. ಉಳಿದದ್ದು ತೀರ ಸ್ವಲ್ಪವಾದಾಗ ಕಣ್ಣು ಮಿಟುಕಿಸುವಷ್ಟು ಹೊತ್ತು ನಿಲ್ಲಿಸಿ ಆಚೆ ಎಬ್ಬಿಸುತ್ತಾರೆ. 2005ರಲ್ಲಿ ಝೆನ್ ಬಳಸಿದ ಸಂಶೋಧಕರು ಆಟಗಾರರು ಆಡುತ್ತಿದ್ದಂತೆಯೇ ಕ್ವೇಕ್ 3 ಆಟದ ಸರ್ವರ್ ಅನ್ನು ಹೀಗೆ ಸಾಗಿಸಿದರು. ನಿಂತದ್ದು 60 ಮಿಲಿಸೆಕೆಂಡು! ಹಗಲು ಹೊತ್ತಿನಲ್ಲೇ ಹೋಸ್ಟ್ ಖಾಲಿ ಮಾಡಿ, ಮೆಮೊರಿ ಬದಲಿಸಿ, ಸಂಜೆ ಮನೆಗೆ ಹೋಗುವ ಭಾಗ್ಯ ನಮಗೆ ಬಂದದ್ದು ಇದರಿಂದ. ವರ್ಚುವಲೈಸೇಶನ್ ಪರವಾಗಿ ಒಂದೇ ಕಾರಣ ಕೊಡು ಎಂದರೆ ನಾನು ಇದನ್ನೇ ಕೊಡುತ್ತೇನೆ. ಒಂದು ಷರತ್ತಿದೆ: ಎರಡೂ ಹೋಸ್ಟ್‌ಗಳ ಪ್ರೊಸೆಸರ್ ಒಂದೇ ಮನೆತನದ್ದಾಗಿರಬೇಕು. ಇಂಟೆಲ್‌ನಿಂದ ಎಎಂಡಿಗೆ ಓಡುತ್ತಿರುವ ವಿಎಂ ಹೋಗದು. ಸರ್ವರ್ ಕೊಳ್ಳುವ ಮುನ್ನವೇ ಯೋಚಿಸಬೇಕಾದ ಸಂಗತಿ ಇದು.

◆ ವಿಎಂ ನಿಧಾನವಾಗಿದೆ ಎಂದು ನಾಲ್ಕು ವರ್ಚುವಲ್ ಸಿಪಿಯು ಇದ್ದದ್ದನ್ನು ಎಂಟು ಮಾಡಿದರೆ ಕೆಲವೊಮ್ಮೆ ಅದು ಇನ್ನೂ ನಿಧಾನವಾಗುತ್ತದೆ! ಎಂಟಕ್ಕೂ ಅಸಲಿ ಕೋರ್ ಬಿಡುವಾಗಬೇಕಲ್ಲ. ಹಾಗೆ ಸರದಿಯಲ್ಲಿ ಕಾದ ಹೊತ್ತಿಗೆ ‘ರೆಡಿ ಟೈಂ’ ಎನ್ನುತ್ತಾರೆ. ವಿಎಂವೇರ್‌ನ ನೇರ ಚಾರ್ಟಿನಲ್ಲಿ ಪ್ರತಿ ಅಳತೆ 20 ಸೆಕೆಂಡಿನದು. ಅಲ್ಲಿ ಒಂದು ವರ್ಚುವಲ್ ಸಿಪಿಯು 1000 ಮಿಲಿಸೆಕೆಂಡ್ ಕಾದಿದೆ ಎಂದಿದ್ದರೆ ಅದು 5 ಪ್ರತಿಶತ. ಅಲ್ಲಿಂದ ಮೇಲೆ ಕಣ್ಣಿಡಬೇಕು, 10 ದಾಟಿದರೆ ಕೈಹಾಕಬೇಕು ಎಂಬುದು ಅಡ್ಮಿನ್‌ಗಳ ನಡುವಿನ ರೂಢಿಯ ಮಾತು. ಝೆನ್, ಕೆವಿಎಂಗಳ ಮೇಲಿನ ಲಿನಕ್ಸ್ ವಿಎಂ ಆದರೆ ಒಳಗಿನಿಂದಲೇ ಕಾಣುತ್ತದೆ. ‘ಟಾಪ್’ ಕಮಾಂಡ್ ಕೊಟ್ಟು ಸಿಪಿಯು ಸಾಲಿನ ಕೊನೆಯ ಅಂಕಿ ನೋಡಿ. ‘ಎಸ್‌ಟಿ’ ಎಂದಿರುತ್ತದೆ, ಸ್ಟೀಲ್, ಅಂದರೆ ನಿಮ್ಮಿಂದ ಕದ್ದ ಸಮಯ. ಪಕ್ಕದ ಮನೆಯವರು ನಲ್ಲಿ ಬಿಡುತ್ತಿಲ್ಲ ಎಂದರ್ಥ.

◆ ಹೈಪರ್‌ವೈಸರಿಗೆ ಮೆಮೊರಿ ಸಾಲದಾದರೆ ವಿಎಂ ಒಳಗೆ ಬಲೂನು ಊದುತ್ತದೆ! 2002ರಲ್ಲಿ ಕಾರ್ಲ್ ವಾಲ್ಡ್ಸ್‌ಪರ್ಗರ್ ವಿವರಿಸಿದ ಉಪಾಯ ಇದು. ವಿಎಂನೊಳಗಿನ ಒಂದು ಪುಟ್ಟ ಡ್ರೈವರ್ ತನಗೆ ಮೆಮೊರಿ ಬೇಕೆಂದು ಕೇಳುತ್ತಾ ಉಬ್ಬುತ್ತದೆ. ಒಳಗಿನ ಆಪರೇಟಿಂಗ್ ಸಿಸ್ಟಂ ತನಗೆ ಅಷ್ಟೇನೂ ಬೇಡದ ಪುಟಗಳನ್ನು ತಾನೇ ಆರಿಸಿ ಬಿಟ್ಟುಕೊಡುತ್ತದೆ. ಹಾಗೆ ಬಿಟ್ಟ ಜಾಗ ಪಕ್ಕದ ವಿಎಂಗೆ ಹೋಗುತ್ತದೆ. ಯಾವುದು ಬೇಡ ಎಂದು ಹೊರಗಿನವರು ಊಹಿಸುವ ಬದಲು ಮನೆಯವರನ್ನೇ ಕೇಳುವ ಈ ಜಾಣ್ಮೆ ನನಗೆ ತುಂಬ ಇಷ್ಟ. ಆದರೆ ದೊಡ್ಡ ಡೇಟಾಬೇಸ್ ಅಥವಾ ಜಾವಾ ಅಪ್ಲಿಕೇಶನ್ ತನ್ನ ಮೆಮೊರಿಯನ್ನೆಲ್ಲ ನಿಜವಾಗಿಯೂ ಬಳಸುತ್ತಿರುತ್ತದೆ. ಅಲ್ಲಿ ಬಲೂನು ಊದಿದರೆ ಡಿಸ್ಕಿನ ಸ್ವ್ಯಾಪ್ ಶುರುವಾಗಿ ಸೇವೆ ಕುಂಟುತ್ತದೆ. ಅಂಥ ವಿಎಂಗಳ ಮೆಮೊರಿಯನ್ನು ಪೂರ್ತಿಯಾಗಿ ಕಾಯ್ದಿರಿಸಬೇಕು. ಹಾಗೆ ಕಾಯ್ದಿರಿಸಿದ್ದನ್ನು ‘ಖಾಲಿ ಇದೆ’ ಎಂದು ಇನ್ನೊಬ್ಬರಿಗೆ ಲೆಕ್ಕ ಹಿಡಿಯುವಂತಿಲ್ಲ.

◆ ಸ್ನ್ಯಾಪ್‌ಶಾಟ್ ಬ್ಯಾಕಪ್ ಅಲ್ಲ. ಸ್ನ್ಯಾಪ್‌ಶಾಟ್ ತೆಗೆದ ಗಳಿಗೆಯಿಂದ ಆಗುವ ಬದಲಾವಣೆಗಳೆಲ್ಲ ಬೇರೆ ಫೈಲಿಗೆ ಬೀಳುತ್ತವೆ, ಆ ಫೈಲು ಬೆಳೆಯುತ್ತಲೇ ಹೋಗಿ ಒಂದು ದಿನ ಡೇಟಾಸ್ಟೋರ್ ತುಂಬಿಬಿಡುತ್ತದೆ. ಮೂಲ ಡಿಸ್ಕ್ ಹೋದರೆ ಅದೂ ನಿರುಪಯೋಗಿ. 72 ಗಂಟೆ ಮೀರಿ ಇಡಬೇಡಿ ಎಂಬುದು ವಿಎಂವೇರ್‌ನದೇ ಸಲಹೆ.

◆ ಬ್ಯಾಕಪ್ ಅದೇ ಕಟ್ಟಡದಲ್ಲಿದ್ದರೆ ಅದೂ ಬ್ಯಾಕಪ್ ಅಲ್ಲ. 2021ರ ಮಾರ್ಚ್ 10ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಒವಿಎಚ್ ಕಂಪನಿಯ ಡೇಟಾ ಸೆಂಟರ್ ಹೊತ್ತಿ ಉರಿದಾಗ, ನಕಲನ್ನು ಬೇರೆಡೆ ಇಡದಿದ್ದ ಗ್ರಾಹಕರ ಡೇಟಾ ಬೂದಿಯಾಯಿತು.

◆ ಜಗತ್ತಿನ ಅತಿದೊಡ್ಡ ಸರ್ವರ್ ಸಮೂಹಗಳಲ್ಲಿ ಒಂದು ತನ್ನ ಸ್ವಂತ ಕೆಲಸವನ್ನು ವಿಎಂಗಳಲ್ಲಿ ನಡೆಸುತ್ತಿರಲಿಲ್ಲ. ಗೂಗಲ್ ತನ್ನ ಬೋರ್ಗ್ ವ್ಯವಸ್ಥೆಯ ಬಗ್ಗೆ 2015ರಲ್ಲಿ ಬರೆದ ಪ್ರಬಂಧದಲ್ಲಿ ಇದನ್ನು ಬಾಯಿಬಿಟ್ಟೇ ಹೇಳಿದೆ. ವರ್ಚುವಲೈಸೇಶನ್‌ನ ಖರ್ಚು ಅವರಿಗೆ ಬೇಡವಾಗಿತ್ತು. ಬೋರ್ಗ್ ಕಟ್ಟುವಾಗ ಅವರ ಬಳಿ ರಾಶಿ ಬಿದ್ದಿದ್ದ ಪ್ರೊಸೆಸರ್‌ಗಳಲ್ಲಿ ಆ ಏರ್ಪಾಟೂ ಇರಲಿಲ್ಲ. ಬದಲಿಗೆ ಒಂದೇ ಕರ್ನಲ್ ಹಂಚಿಕೊಳ್ಳುವ ಕಂಟೈನರ್‌ಗಳನ್ನು ಬಳಸಿದರು. ಆದರೆ ಹೊರಗಿನ ಗಿರಾಕಿಗಳಿಗೆ ಬಾಡಿಗೆಗೆ ಕೊಡುವಾಗ ಅದೇ ಗೂಗಲ್ ಕೆವಿಎಂ ವಿಎಂ ಬಳಸುತ್ತದೆ. ಮನೆಯವರೇ ಇದ್ದಾಗ ಕೋಣೆಗಳ ನಡುವೆ ಪರದೆ ಸಾಕು. ಗುರುತಿಲ್ಲದವರು ಬಂದರೆ ಗೋಡೆಯೇ ಬೇಕು.

ಗೋಡೆಯೂ ಹಗುರಾಗಬಹುದು. ಅಮೆಜಾನ್ 2018ರಲ್ಲಿ ಬಿಡುಗಡೆ ಮಾಡಿದ ಫೈರ್‌ಕ್ರ್ಯಾಕರ್‌ನ ಪುಟ್ಟ ವಿಎಂ ಸುಮಾರು 125 ಮಿಲಿಸೆಕೆಂಡಿನಲ್ಲಿ ಶುರುವಾಗುತ್ತದೆ, ಒಂದೊಂದಕ್ಕೆ ತಗಲುವ ಹೆಚ್ಚುವರಿ ಮೆಮೊರಿ 5 ಮೆಗಾಬೈಟ್‌ಗಿಂತ ಕಡಿಮೆ. ಅದು ನಿಂತಿರುವುದೂ ಕೆವಿಎಂ ಮೇಲೆಯೇ.

◆ ಯಾರೂ ಬಳಸದ ಫ್ಲಾಪಿ ಡ್ರೈವ್ ವಠಾರದ ಗೋಡೆಯಲ್ಲಿ ಕನ್ನವಾಗಿತ್ತು! 2015ರ ಮೇ ತಿಂಗಳಲ್ಲಿ ಬೆಳಕಿಗೆ ಬಂದ ‘ವೆನಮ್’ ದೋಷ ಕ್ಯೂಎಮು ತಂತ್ರಾಂಶದ ವರ್ಚುವಲ್ ಫ್ಲಾಪಿಯ ಕೋಡಿನಲ್ಲಿತ್ತು, 2004ರಿಂದಲೂ. ವಿಎಂನಿಂದ ತಪ್ಪಿಸಿಕೊಂಡು ಹೋಸ್ಟಿಗೆ ಕೈಹಾಕಲು ಅದು ದಾರಿ ಕೊಡುತ್ತಿತ್ತು. ಝೆನ್, ಕೆವಿಎಂ ಎರಡೂ ಆ ಕೋಡನ್ನು ಬಳಸುತ್ತಿದ್ದವು. 2018ರ ಆಗಸ್ಟಿನಲ್ಲಿ ಇಂಟೆಲ್ ಪ್ರೊಸೆಸರ್‌ಗಳ ‘ಎಲ್1ಟಿಎಫ್’ ದೋಷ ಹೊರಬಿತ್ತು. ಒಂದೇ ಕೋರಿನ ಎರಡು ಥ್ರೆಡ್‌ಗಳನ್ನು ಎರಡು ವಿಎಂ ಹಂಚಿಕೊಂಡಿದ್ದರೆ ಒಂದರ ಗುಟ್ಟು ಇನ್ನೊಂದಕ್ಕೆ ಸೋರುವ ಅಪಾಯ ಅದರಲ್ಲಿತ್ತು.

◆ 2023ರ ಫೆಬ್ರವರಿಯಲ್ಲಿ ‘ಇಎಸ್‌ಎಕ್ಸ್‌ಐಆರ್ಗ್ಸ್’ ಎಂಬ ಸುಲಿಗೆ ತಂತ್ರಾಂಶ ಜಗತ್ತಿನ ಸಾವಿರಾರು ಹೋಸ್ಟ್‌ಗಳಿಗೆ ನುಗ್ಗಿ ವಿಎಂಗಳ ಫೈಲುಗಳಿಗೇ ಬೀಗ ಜಡಿಯಿತು. ಅದು ಬಳಸಿದ್ದೆಂದು ಎಚ್ಚರಿಕೆಗಳಲ್ಲಿ ಹೆಸರಿಸಿದ ದೋಷಕ್ಕೆ ಎರಡು ವರ್ಷ ಹಿಂದೆಯೇ ತೇಪೆ ಬಂದಿತ್ತು. ನೂರು ಸರ್ವರ್‌ಗಳಿಗೆ ಒಂದೊಂದಾಗಿ ನುಗ್ಗುವ ಶ್ರಮ ಕಳ್ಳನಿಗೆ ಬೇಡವಾಯಿತು. ವಠಾರದ ಹೆಬ್ಬಾಗಿಲು ಒಡೆದರೆ ಸಾಕಾಯಿತು. ಹೈಪರ್‌ವೈಸರಿನ ಆಡಳಿತದ ಬಾಗಿಲನ್ನು ಇಂಟರ್‌ನೆಟ್‌ಗೆ ತೆರೆದಿಡುವವರು ಇನ್ನೂ ಇದ್ದಾರೆ ಎಂಬುದು ನನಗೆ ನಿಜಕ್ಕೂ ಸಂಕಟದ ವಿಷಯ.

◆ 2008ರ ಆಗಸ್ಟ್ 12ರ ಬೆಳಗ್ಗೆ ಜಗತ್ತಿನ ಹಲವೆಡೆ ಆರಿಸಿದ್ದ ವಿಎಂಗಳು ಹೊತ್ತಿಕೊಳ್ಳಲಿಲ್ಲ. ಇಎಸ್‌ಎಕ್ಸ್ 3.5ರ ಎರಡನೇ ಅಪ್‌ಡೇಟ್‌ನಲ್ಲಿ, ಪ್ರಯೋಗದ ಆವೃತ್ತಿಗೆಂದು ಬರೆದ ಅವಧಿ ಮುಗಿಯುವ ತಾರೀಕು ಹಾಗೆಯೇ ಉಳಿದುಬಿಟ್ಟಿತ್ತು. ಓಡುತ್ತಿದ್ದವು ಓಡಿದವು, ಹೊಸದಾಗಿ ಏಳಬೇಕಾದವು ಏಳಲಿಲ್ಲ, ಹೋಸ್ಟಿನಿಂದ ಹೋಸ್ಟಿಗೆ ಸಾಗಣೆಯೂ ನಿಂತಿತು. ಹೊಸ ಅಪ್‌ಡೇಟ್ ಅನ್ನು ಎಲ್ಲ ಹೋಸ್ಟ್‌ಗಳಿಗೂ ಒಂದೇ ದಿನ ಹಾಕಬಾರದೆಂದು ಹಳಬರು ಹೇಳುವುದಕ್ಕೆ ಇಂಥ ದಿನಗಳೇ ಕಾರಣ.

◆ ಲೈಸನ್ಸ್ ಲೆಕ್ಕ ಒಮ್ಮೊಮ್ಮೆ ಇಡೀ ತೀರ್ಮಾನವನ್ನು ತಿರುಗಿಸಿಬಿಡುತ್ತದೆ. ವಿಂಡೋಸ್ ಸರ್ವರ್ ಸ್ಟ್ಯಾಂಡರ್ಡ್‌ನಲ್ಲಿ ಹೋಸ್ಟಿನ ಎಲ್ಲ ಕೋರ್‌ಗಳಿಗೂ ಲೈಸನ್ಸ್ ಕೊಂಡರೆ ಎರಡು ವಿಎಂಗೆ ಹಕ್ಕು. ಡೇಟಾಸೆಂಟರ್ ಆವೃತ್ತಿಯಾದರೆ ಎಷ್ಟಕ್ಕಾದರೂ. ಕೆಲವು ಡೇಟಾಬೇಸ್ ಮಾರಾಟಗಾರರು ವಿಎಂಗೆ ಕೊಟ್ಟ ಕೋರ್‌ಗಳನ್ನಲ್ಲ, ಅದು ಓಡಬಹುದಾದ ಪ್ರತಿ ಹೋಸ್ಟಿನ ಪ್ರತಿ ಕೋರನ್ನೂ ಎಣಿಸಬೇಕೆನ್ನುತ್ತಾರೆ. ಆಗ ಡೇಟಾಬೇಸಿಗೆ ಪ್ರತ್ಯೇಕ ಯಂತ್ರವೇ ಅಗ್ಗ.

◆ ಮನೆ ಮಾಲೀಕರೂ ಬದಲಾಗುತ್ತಾರೆ. 2023ರ ನವೆಂಬರ್ 22ರಂದು ಬ್ರಾಡ್‌ಕಾಮ್ ವಿಎಂವೇರ್ ಅನ್ನು ಕೊಂಡಿತು. ಮರುತಿಂಗಳೇ ಒಮ್ಮೆ ಕೊಂಡರೆ ಸದಾ ಬಳಸಬಹುದಾಗಿದ್ದ ಲೈಸನ್ಸ್‌ಗಳ ಮಾರಾಟ ನಿಂತು, ಎಲ್ಲವೂ ಚಂದಾ ಲೆಕ್ಕಕ್ಕೆ ಬಂತು. ಕೆವಿಎಂ, ಪ್ರಾಕ್ಸ್‌ಮಾಕ್ಸ್, ಹೈಪರ್-ವಿ ಎಂದು ಎಷ್ಟೋ ಸಂಸ್ಥೆಗಳು ಬೇರೆ ಮನೆ ಹುಡುಕಲು ಹೊರಟವು. ವಿಎಂನ ಡಿಸ್ಕನ್ನು ಇನ್ನೊಂದು ರೂಪಕ್ಕೆ ತಿರುಗಿಸುವುದು ಸುಲಭ. ಅದರ ಸುತ್ತ ವರ್ಷಗಟ್ಟಲೆ ಕಟ್ಟಿಕೊಂಡ ಬ್ಯಾಕಪ್, ಸ್ಕ್ರಿಪ್ಟ್, ಜನರ ಕೈರೂಢಿ ತಿರುಗಿಸುವುದು ಕಷ್ಟ.

◆ ಹಾಗಾದರೆ ಯಾವುದನ್ನು ಹೊರಗಿಡಬೇಕು? ಒಂದೇ ಅಪ್ಲಿಕೇಶನ್ ಇಡೀ ಯಂತ್ರವನ್ನು ಹಗಲೂ ರಾತ್ರಿ ತುಂಬುತ್ತಿದ್ದರೆ ಅದಕ್ಕೆ ಯಂತ್ರವನ್ನೇ ಕೊಡಿ. ತಾನೇ ನಾಲ್ಕು ಕಡೆ ನಕಲಿಟ್ಟು, ಒಂದು ಸತ್ತರೆ ತಾನೇ ಸಂಭಾಳಿಸುವ ಡೇಟಾಬೇಸಿಗೆ ಹೈಪರ್‌ವೈಸರಿನ ಆಸರೆ ಅಷ್ಟಾಗಿ ಬೇಕಿಲ್ಲ. ಉಳಿದ ನೂರಾರು ಚಿಕ್ಕಪುಟ್ಟ ಸೇವೆಗಳಿಗೆ ವಿಎಂ ಹೇಳಿ ಮಾಡಿಸಿದ ಮನೆ. ಇಡೀ ಸಂಸ್ಥೆಗೆ ಒಂದೇ ಉತ್ತರ ಹುಡುಕುವ ಸಭೆಗಳಲ್ಲಿ ನಾನು ತುಂಬ ಹೊತ್ತು ಕಳೆದಿದ್ದೇನೆ. ಸೇವೆ ಸೇವೆಗೂ ಬೇರೆ ಬೇರೆ ಕೂತು ನಿರ್ಧರಿಸಿದಲ್ಲಿ ಮಾತ್ರ ಕೆಲಸ ನೆಟ್ಟಗಾದದ್ದನ್ನು ಕಂಡಿದ್ದೇನೆ.

◆ ಆ ಮದರ್‌ಬೋರ್ಡ್ ರಾತ್ರಿಯ ನಂತರ ನಾವು ವರ್ಷಕ್ಕೊಮ್ಮೆ, ಒಂದು ಶನಿವಾರ, ಮೊದಲೇ ಎಲ್ಲರಿಗೂ ತಿಳಿಸಿ, ಓಡುತ್ತಿರುವ ಒಂದು ಹೋಸ್ಟಿನ ಎರಡೂ ಪವರ್ ಕೇಬಲ್ ಕೀಳತೊಡಗಿದೆವು. ಮೊದಲ ವರ್ಷ ಇಬ್ಬರು ಕೇಬಲ್ ಹಿಡಿದು ನಿಂತರೂ ಎಳೆಯಲು ಕೈ ಬರಲಿಲ್ಲ. ಈಗ ರ್ಯಾಕಿನ ಬಾಗಿಲ ಒಳಮಗ್ಗುಲಿಗೆ ಒಂದು ಹಾಳೆ ಅಂಟಿಸಿದೆ: ಯಾವ ವಿಎಂ ಮೊದಲು ಏಳಬೇಕು, ಯಾವುದು ಆಮೇಲೆ, ಯಾವೆರಡು ಎಂದೂ ಒಂದೇ ಹೋಸ್ಟಿನಲ್ಲಿರಬಾರದು. ಮೊದಲ ಸಾಲಿನಲ್ಲಿ ಆ ಎರಡು ಡೊಮೇನ್ ಕಂಟ್ರೋಲರ್‌ಗಳ ಹೆಸರಿದೆ. ಎರಡನೆಯದು ಈಗ ವಿಎಂ ಅಲ್ಲ. ಅದೇ ರ್ಯಾಕಿನ ಕೆಳಗೆ, ಒಂದು ಹಳೆಯ ಸಣ್ಣ ಸರ್ವರಿನಲ್ಲಿ, ಒಂಟಿಯಾಗಿ ಓಡುತ್ತಿದೆ.